ತುಂತುರುಬಣ್ಣದ ಋಣ: ದಕ್ಷಿಣ ಬೆಂಗಳೂರಿನ ಬೀದಿಗೋಡೆಯ ಚಿತ್ರಗಳನ್ನು ಕುರಿತು ಒಂದು ವಿಮರ್ಶೆ

೧

ಇತಿಹಾಸದ ವಿದ್ಯಾರ್ಥಿಗೆ ಗೋಡೆಯೂ ಒಂದು ಆಕರವೇ. ಶಾಸನ, ನಾಣ್ಯ, ಕಡತಗಳಂತೆಯೇ ಗೋಡೆಯ ಮೇಲಿನ ಚಿತ್ರವೂ ತನ್ನ ಕಾಲದ ಮಾತನ್ನು ಹೇಳುತ್ತದೆ. ಬರೆದವರು ಯಾರು, ಬರೆಸಿದವರು ಯಾರು, ಬಣ್ಣ ಎಲ್ಲಿಂದ ಬಂದಿತು, ಚಿತ್ರ ಎಷ್ಟು ಕಾಲ ನಿಂತಿತು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತಾಗ ಮಾತ್ರ ಆ ಮಾತು ನಮಗೆ ಪೂರ್ಣವಾಗಿ ಅರ್ಥವಾಗುತ್ತದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಉಳಿದಿರುವ ವರ್ಣಚಿತ್ರಗಳ ಅವಶೇಷಗಳನ್ನಾಗಲಿ, ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಯುದ್ಧಚಿತ್ರಗಳನ್ನಾಗಲಿ ಕುರಿತು ಬರೆಯುವಾಗ ನಾವು ಈ ಪ್ರಶ್ನೆಗಳನ್ನು ತಪ್ಪದೆ ಕೇಳುತ್ತೇವೆ. ಆದರೆ ದಿನವೂ ಕಾಲೇಜಿಗೆ ಹೋಗುವ ದಾರಿಯಲ್ಲಿ ಜಯನಗರ, ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳ ಗೋಡೆಗಳ ಮೇಲೆ ಕಾಣುವ ಚಿತ್ರಗಳ ವಿಷಯದಲ್ಲಿ "ಚೆನ್ನಾಗಿದೆ", "ಚೆನ್ನಾಗಿಲ್ಲ" ಎಂಬ ಎರಡು ಮಾತುಗಳಾಚೆಗೆ ನಮ್ಮ ವಿಮರ್ಶೆ ಹೋದಂತೆ ತೋರುವುದಿಲ್ಲ.

ಈ ಕೊರತೆಯ ಅರಿವು ನನಗಾದದ್ದು ಒಂದು ಸಣ್ಣ ಪ್ರಸಂಗದಿಂದ. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಗಳು ಕಾಲೇಜಿನ ಆವರಣದ ಗೋಡೆಯ ಮೇಲೆ ಪರಿಸರ ದಿನಾಚರಣೆಯ ನಿಮಿತ್ತ ಒಂದು ದೊಡ್ಡ ಚಿತ್ರವನ್ನು ಬರೆದರು. ಮರ, ಕೆರೆ, ಹಕ್ಕಿ. ಎಲ್ಲವೂ ಸ್ಪ್ರೇ ಡಬ್ಬಿಯ ಬಣ್ಣದಲ್ಲಿ. ನಾನೂ ಅವರೊಡನೆ ನಿಂತು ಮೆಚ್ಚಿದವನೇ. ಮರುದಿನ ಬೆಳಿಗ್ಗೆ ಕಸ ಒಯ್ಯಲು ಬಂದ ಪೌರಕಾರ್ಮಿಕ ಮಹಿಳೆ ಖಾಲಿ ಡಬ್ಬಿಗಳು ತುಂಬಿದ ಚೀಲವನ್ನು ಎತ್ತಿ ಹಿಡಿದು, "ಸಾರ್, ಇದನ್ನ ಯಾವುದಕ್ಕೆ ಹಾಕ್ಲಿ? ಹಸಿ ಅಲ್ಲ, ಒಣಾನೂ ಅಲ್ಲ" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಒಂದು ವರ್ಷ ತುಂಬುವ ಮೊದಲೇ, ಯಾವುದೋ ಸಮಾರಂಭದ ಸಲುವಾಗಿ ಆ ಗೋಡೆಗೆ ಹೊಸ ಬಣ್ಣ ಬಳಿಯಲಾಯಿತು. ಚಿತ್ರ ಹೋಯಿತು, ಡಬ್ಬಿಗಳು ಎಲ್ಲಿಯೋ ಉಳಿದಿರಬೇಕು. ಪರಿಸರವನ್ನು ಕುರಿತ ಚಿತ್ರವೊಂದು ಪರಿಸರಕ್ಕೆ ತೀರಿಸಲಾರದ ಸಾಲವನ್ನು ಬಿಟ್ಟುಹೋದ ಈ ಸಂಗತಿ ನನ್ನನ್ನು ಈ ಪರಿಶೀಲನೆಗೆ ತೊಡಗಿಸಿತು.

ಚಿತ್ರವೊಂದು ಗಾಳಿ, ನೀರು, ಬರೆಯುವವರ ಶರೀರ ಇವುಗಳಿಂದ ಪಡೆದ ಋಣವೂ ಅದರ ಗುಣವಿಚಾರದ ಒಂದು ಅಂಗವೆಂದು ತೋರಿಸುವುದು, ಮತ್ತು ಆ ಋಣವನ್ನು ಕಡಮೆ ಮಾಡಲು ಇಂದು ಸೂಚಿತವಾಗುತ್ತಿರುವ ಮಾರ್ಗಗಳನ್ನು ಒಂದೊಂದಾಗಿ ಒರೆಗೆ ಹಚ್ಚುವುದು ಪ್ರಕೃತ ಲೇಖನದ ಉದ್ದೇಶ.

೨

ಬಣ್ಣವನ್ನು ತುಂತುರಾಗಿ ಊದುವ ಕ್ರಮ ಹೊಸದಲ್ಲ. ಗೋಡೆಗೆ ಅಂಗೈಯನ್ನೊತ್ತಿ, ಅದರ ಸುತ್ತಲೂ ಬಾಯಿಂದಲೋ ಕೊಳವೆಯಿಂದಲೋ ಕೆಂಪುಬಣ್ಣವನ್ನು ಊದಿ ಮೂಡಿಸಿದ ಕೈಯ ಅಚ್ಚುಗಳು ಪ್ರಪಂಚದ ಹಲವೆಡೆ ಪ್ರಾಗಿತಿಹಾಸದ ಗುಹೆಗಳಲ್ಲಿವೆ. ಇಂಡೊನೇಷ್ಯದ ಸುಲಾವೆಸಿ ದ್ವೀಪದ ಅಂಥದೊಂದು ಅಚ್ಚು ಸುಮಾರು ೪೦,೦೦೦ ವರ್ಷಗಳಷ್ಟು ಹಳೆಯದೆಂದು ೨೦೧೪ರಲ್ಲಿ ಪ್ರಕಟವಾಯಿತು. ನಮ್ಮ ನಾಡಿನಲ್ಲಿಯೂ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ಪ್ರಾಚೀನ ಚಿತ್ರಗಳು ಇಂದಿಗೂ ಕಾಣಸಿಗುತ್ತವೆ. ಅಲ್ಲಿ ಬಣ್ಣವೆಂದರೆ ಮಣ್ಣು. ಅದರ ಋಣ ಬಹಳ ಸ್ವಲ್ಪ.

ಆಧುನಿಕ ಡಬ್ಬಿಯ ಕಥೆ ಬೇರೆ. ಅನಿಲದ ಒತ್ತಡದಿಂದ ದ್ರವವನ್ನು ತುಂತುರಾಗಿ ಹೊರಹಾಕುವ ಉಪಕರಣವನ್ನು ನಾರ್ವೆ ದೇಶದ ಎರಿಕ್ ರೋತೈಮ್ ಎಂಬ ಇಂಜಿನಿಯರು ೧೯೨೦ರ ದಶಕದಲ್ಲಿ ರೂಪಿಸಿದನು. ಅದರಲ್ಲಿ ಬಣ್ಣವನ್ನು ತುಂಬಿದವನು ಅಮೆರಿಕದ ಇಲಿನಾಯ್ ಸಂಸ್ಥಾನದ ಎಡ್ವರ್ಡ್ ಸೈಮೋರ್, ಅದು ೧೯೪೯ರಲ್ಲಿ. ಇಪ್ಪತ್ತನೆಯ ಶತಮಾನದ ನಡುವಿನಿಂದ ಬಹುಕಾಲ ಡಬ್ಬಿಗಳಲ್ಲಿ ನೂಕುವ ಅನಿಲವಾಗಿ ಕ್ಲೋರೋಫ್ಲೂರೋಕಾರ್ಬನ್ನುಗಳು ಬಳಕೆಯಲ್ಲಿದ್ದವು. ಇವು ವಾಯುಮಂಡಲದ ಮೇಲ್ಪದರದ ಓಜೋನನ್ನು ನಾಶಪಡಿಸಬಲ್ಲವೆಂದು ಮೊಲೀನ ಮತ್ತು ರೋಲೆಂಡರು ೧೯೭೪ರಲ್ಲಿ ತೋರಿಸಿಕೊಟ್ಟರು. ೧೯೮೭ರ ಮಾಂಟ್ರಿಯಲ್ ಒಪ್ಪಂದ ಅದರ ಫಲ. ಭಾರತ ಅದಕ್ಕೆ ಸೇರಿದ್ದು ೧೯೯೨ರಲ್ಲಿ. ಈಗ ಆ ಅನಿಲಗಳು ತೊಲಗಿವೆ. ಆದ್ದರಿಂದ ಡಬ್ಬಿಯೊಂದರ ಮೇಲೆ "ಓಜೋನಿಗೆ ಹಾನಿಯಿಲ್ಲ" ಎಂದು ಬರೆದಿದ್ದರೆ, ಅದು ತಯಾರಕನು ವಿಶೇಷವಾಗಿ ಮಾಡಿದ ಉಪಕಾರವೆಂದು ವಿದ್ಯಾರ್ಥಿಗಳು ಭ್ರಮಿಸಬಾರದು; ಕಾನೂನು ಎಂದೋ ಕಡ್ಡಾಯಪಡಿಸಿದ್ದನ್ನು ಮತ್ತೆ ಹೇಳಿದ್ದಾನೆ, ಅಷ್ಟೆ.

ಹಾಗಾದರೆ ಇಂದಿನ ಡಬ್ಬಿಯ ದೋಷವೇನು? ನೂಕುವ ಅನಿಲದ ಸ್ಥಾನಕ್ಕೆ ಪ್ರೊಪೇನ್, ಬ್ಯುಟೇನ್, ಡೈಮೀಥೈಲ್ ಈಥರ್ ಮುಂತಾದವು ಬಂದಿವೆ. ಬಣ್ಣವನ್ನು ಕರಗಿಸುವುದಕ್ಕೆ ಅಸಿಟೋನ್, ಟಾಲ್ವೀನ್, ಜೈಲೀನ್ ಮೊದಲಾದ ದ್ರಾವಕಗಳಿವೆ. ಇವೆಲ್ಲವೂ ಬೇಗನೆ ಆವಿಯಾಗಿ ಗಾಳಿಯನ್ನು ಸೇರುವ ಸಾವಯವ ವಸ್ತುಗಳು. ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳೊಡನೆ ಇವು ಬಿಸಿಲಿನಲ್ಲಿ ವರ್ತಿಸಿದಾಗ ನೆಲಮಟ್ಟದ ಓಜೋನ್ ಹುಟ್ಟುತ್ತದೆ. ಮೇಲಿದ್ದು ರಕ್ಷಿಸುವ ಓಜೋನೇ ಕೆಳಗಿದ್ದರೆ ಶ್ವಾಸಕ್ಕೆ ಶತ್ರು. ಕೈಗಾರಿಕೆಯಿಂದ ಬೆಳೆದ ೩೩ ನಗರಗಳನ್ನು ಕುರಿತು ೨೦೧೮ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ಖನಿಜತೈಲ ಮೂಲದ ಇಂಥ ಆವಿಗಳಲ್ಲಿ ಸುಮಾರು ಅರ್ಧಪಾಲು ಬಣ್ಣ, ಅಂಟು, ಶಾಯಿ, ಸುಗಂಧದ್ರವ್ಯ, ಕೀಟನಾಶಕಗಳಂಥ ನಿತ್ಯಬಳಕೆಯ ವಸ್ತುಗಳಿಂದಲೇ ಬರುತ್ತಿದೆಯೆಂದು ಗಣಿಸಿತು. ಅದರಲ್ಲಿ ಗೋಡೆಚಿತ್ರದ ಪಾಲು ಅತ್ಯಲ್ಪವೆಂಬುದು ನಿಜ. ಆದರೆ ಬರೆಯುವ ಒಬ್ಬ ವ್ಯಕ್ತಿಯ ಶ್ವಾಸಕೋಶದ ಮಟ್ಟಿಗೆ ಅದು ಅತ್ಯಲ್ಪವಲ್ಲ. ಬಣ್ಣಗಾರರ ವೃತ್ತಿಯನ್ನೇ ಕ್ಯಾನ್ಸರ್‌ಕಾರಕ ಸಂಪರ್ಕಗಳ ಮೊದಲ ವರ್ಗದಲ್ಲಿ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ೧೯೮೯ರಲ್ಲಿ ಸೇರಿಸಿತು; ಮುಂದಿನ ಪರಿಶೀಲನೆಯಲ್ಲಿಯೂ ಆ ತೀರ್ಮಾನ ಬದಲಾಗಲಿಲ್ಲ. ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಬರೆಯುವ ನಮ್ಮ ಹುಡುಗರು, ಬಟ್ಟೆ ಹನಿಗಳನ್ನು ಒಂದಿಷ್ಟು ತಡೆದರೂ ಆವಿಯನ್ನು ತಡೆಯಲಾರದೆಂಬುದನ್ನು ತಿಳಿಯರು. ಅದಕ್ಕೆ ಇದ್ದಿಲಿನ ಸೋಸುಕವುಳ್ಳ ಮುಖವಾಡವೇ ಬೇಕು.

ಸೀಸದ ಮಾತನ್ನೂ ಇಲ್ಲಿ ಹೇಳಬೇಕು. ೨೦೧೬ರ ಕೇಂದ್ರ ನಿಯಮಗಳು ಬಣ್ಣದಲ್ಲಿ ಸೀಸದ ಅಂಶವನ್ನು ದಶಲಕ್ಷಕ್ಕೆ ೯೦ ಭಾಗಗಳಿಗೆ ಮಿತಿಗೊಳಿಸಿ, ೨೦೧೭ರ ನವೆಂಬರಿನಿಂದ ಜಾರಿಗೆ ಬಂದವು. ಆದರೆ ಅವುಗಳ ವ್ಯಾಪ್ತಿ ಮನೆಬಳಕೆಯ ಹಾಗೂ ಅಲಂಕಾರದ ಬಣ್ಣಗಳಿಗೆ ಮಾತ್ರ. ಕಡಮೆ ಬೆಲೆಗೆ ಸಿಗುವ ಡಬ್ಬಿಗಳಲ್ಲಿ ಬಹುಪಾಲು ಬೈಕು, ಕಾರುಗಳ ಗೀರು ಮುಚ್ಚುವ ಸಲುವಾಗಿ ತಯಾರಾದವು. ಮೋಟಾರು ಬಿಡಿಭಾಗಗಳ ಅಂಗಡಿಯಲ್ಲಿ ಕೊಂಡ ಬಣ್ಣ ಮಕ್ಕಳು ಮುಟ್ಟುವ ಶಾಲೆಯ ಗೋಡೆಗೆ ತಕ್ಕದ್ದೇ ಎಂದು ಕೇಳುವುದು ಅನವಶ್ಯಕವಾದ ಶಂಕೆಯಲ್ಲ.

೩

ಈಗ ನಮ್ಮ ಗೋಡೆಗಳತ್ತ ತಿರುಗೋಣ. ೨೦೦೯ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಭಿತ್ತಿಪತ್ರಗಳ ಹಾವಳಿಯನ್ನು ತಡೆಯಲು ಊರಿನ ಗೋಡೆಗಳ ಮೇಲೆ ಚಿತ್ರಗಳನ್ನು ಬರೆಯಿಸಲು ತೊಡಗಿತು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರು, ನಾಮಫಲಕಗಳ ಕಲಾವಿದರಿಗೆ ಅದರಿಂದ ಅನ್ನ ದೊರೆಯಿತು. ಹಂಪಿಯ ಕಲ್ಲಿನ ರಥ, ಜೋಗದ ಜಲಪಾತ, ಯಕ್ಷಗಾನದ ವೇಷ, ಮೈಸೂರಿನ ಅರಮನೆ ಇವೇ ಮತ್ತೆ ಮತ್ತೆ ಬಂದುವೆಂದು ಅನೇಕರು ಹಳಿದರು. ಹಳಿಯುವುದಕ್ಕೆ ಕಾರಣವಿಲ್ಲದಿಲ್ಲ: ಪ್ರವಾಸೀ ಕೈಪಿಡಿಯ ಪುಟಗಳನ್ನು ದೊಡ್ಡದುಮಾಡಿ ಅಂಟಿಸಿದಂತೆ ಅವು ಕಂಡವು, ಬರೆದ ಗೋಡೆಗೂ ಬರೆದ ವಸ್ತುವಿಗೂ ಸಂಬಂಧವಿರಲಿಲ್ಲ. ಆದರೆ ನಮ್ಮ ಈಗಿನ ಅಳತೆಗೋಲಿನಿಂದ ನೋಡಿದರೆ ಆ ಕಲಾವಿದರಿಗೆ ಒಂದು ಮನ್ನಣೆ ಸಲ್ಲಬೇಕು. ಅದು ಕುಂಚದ ಕೆಲಸ. ಕುಂಚದಲ್ಲಿ ಎತ್ತಿದ ಬಣ್ಣದ ಬಹುಪಾಲು ಗೋಡೆಯನ್ನೇ ಸೇರುತ್ತದೆ. ಡಬ್ಬಿಯ ತುಂತುರಿನಲ್ಲಿ ಒಂದು ಭಾಗ ಗೋಡೆಗೆ ತಲಪದೆ ಗಾಳಿಗೆ ಹಾರಿ, ಪಕ್ಕದ ಗಿಡದ ಎಲೆಯ ಮೇಲೂ ಬರೆಯುವವರ ತೋಳಿನ ಮೇಲೂ ಕೂರುತ್ತದೆ. ಅಷ್ಟೇ ಅಲ್ಲ, ಒಂದು ದೊಡ್ಡ ಬಕೀಟಿನ ಬಣ್ಣಕ್ಕೆ ಒಂದೇ ಪಾತ್ರೆ ಸಾಕು. ಅಷ್ಟೇ ಬಣ್ಣ ಡಬ್ಬಿಗಳಲ್ಲಿ ಬರಬೇಕಾದರೆ ಲೋಹದ ಪಾತ್ರೆಗಳ ರಾಶಿಯೇ ಬೇಕು.

೨೦೧೦ರಿಂದ ಹೆಸರು ಹೇಳಿಕೊಳ್ಳದೆ ಕೆಲಸ ಮಾಡುತ್ತ ಬಂದ 'ದಿ ಅಗ್ಲಿ ಇಂಡಿಯನ್' ಬಳಗದ ಕ್ರಮ ಇನ್ನೊಂದು ಬಗೆಯದು. ಕಸದ ಮೂಲೆಯನ್ನು ಗುಡಿಸಿ, ಗೋಡೆಯ ಕೆಳಭಾಗಕ್ಕೆ ಕಾವಿಯ ಬಣ್ಣ ಬಳಿದು, ಮೇಲ್ಸೇತುವೆಗಳ ಕಂಬಗಳ ಮೇಲೆ ಸರಳವಾದ ರೇಖಾಕೃತಿಗಳನ್ನು ಮೂಡಿಸುವುದು ಅದರ ಪದ್ಧತಿ. ಕಲೆಯೆಂಬ ಹೆಸರನ್ನು ಇದಕ್ಕೆ ಕೊಡಲು ಹಲವರು ಹಿಂಜರಿದರು. ಆದರೆ ಗೋಡೆಯಲ್ಲಿ ಕೊಳೆಯಾಗುವ ಭಾಗವೆಷ್ಟೋ ಅಷ್ಟಕ್ಕೆ ಮಾತ್ರ, ಕೊಳೆಯನ್ನು ಮರೆಸುವ ಬಣ್ಣವನ್ನೇ ಬಳಿಯುವ ಈ ಮಿತವ್ಯಯದಲ್ಲಿ ಹಳ್ಳಿಯ ಮನೆಯ ಕಾರಣೆಯ ವಿವೇಕವಿದೆ. ಕೆಳಗೆ ಕೆಮ್ಮಣ್ಣು, ಮೇಲೆ ಸುಣ್ಣ. ಮಳೆಯ ಕೆಸರು ಸಿಡಿದರೂ ಕಾಣದು.

ಮೂರನೆಯದು ತರುಣರ ಸ್ಪ್ರೇ ಚಿತ್ರಗಳು. ೨೦೧೭ರ ಜೂನಿನಲ್ಲಿ ಮೆಟ್ರೋ ಹಸಿರು ಮಾರ್ಗ ಯಲಚೇನಹಳ್ಳಿಯವರೆಗೂ, ೨೦೨೫ರ ಆಗಸ್ಟಿನಲ್ಲಿ ಆರ್. ವಿ. ರಸ್ತೆಯಿಂದ ಬಿ. ಟಿ. ಎಂ. ಬಡಾವಣೆಯ ಮೂಲಕ ಹಳದಿ ಮಾರ್ಗವೂ ತೆರೆದುಕೊಂಡಮೇಲೆ, ದಕ್ಷಿಣ ಬೆಂಗಳೂರಿನಲ್ಲಿ ಕಾಂಕ್ರೀಟಿನ ಕಂಬಗಳ ಸಾಲು ಕಣ್ಣಿಗೆ ತುಂಬ ದೊರೆಯಿತು. ಒಂದೊಂದು ಬೋಳು ಮೇಲ್ಮೈಯೂ ಚಿತ್ರವನ್ನು ಬೇಡುತ್ತಿದೆಯೆಂಬ ಭಾವನೆ ತರುಣರಲ್ಲಿ ಮಾತ್ರವಲ್ಲ, ಅಧಿಕಾರಿಗಳಲ್ಲಿಯೂ ನಿವಾಸಿಗಳ ಸಂಘಗಳಲ್ಲಿಯೂ ಬಲಿಯಿತು. ನನ್ನ ಆಕ್ಷೇಪಣೆ ಇಲ್ಲಿಂದ ಮೊದಲಾಗುತ್ತದೆ. ಬಣ್ಣವಿಲ್ಲದ ಕಾಂಕ್ರೀಟಿಗೆ ಬಣ್ಣದ ದುರಸ್ತಿಯ ಖರ್ಚಿಲ್ಲ. ಒಮ್ಮೆ ಬಣ್ಣ ಬಳಿದ ಮೇಲ್ಮೈಯಾದರೋ ಬಿಸಿಲಿಗೆ ಮಾಸಿ, ಮಳೆಗೆ ಸುಲಿದು, ಕೆಲವು ವರ್ಷಗಳಿಗೊಮ್ಮೆ ಮತ್ತೆ ಬಣ್ಣವನ್ನು ಕೇಳುತ್ತದೆ. ಹಾಗೆ ಕೇಳುತ್ತಲೇ ಇರುವ ಹಕ್ಕನ್ನು ಸಂಪಾದಿಸಿಕೊಂಡ ಚಿತ್ರಗಳು ಎಷ್ಟು? ಹುಲಿ, ನವಿಲು, ಭೂಗೋಲವನ್ನು ಎತ್ತಿಹಿಡಿದ ಎರಡು ಕೈಗಳು, ಪಕ್ಕದಲ್ಲಿ "ಗಿಡ ನೆಡಿ" ಎಂಬ ಘೋಷವಾಕ್ಯ. ಇಂಥವು ಎಲ್ಲಿ ಬರೆದರೂ ಒಂದೇ. ಬರೆದ ಸ್ಥಳದಿಂದ ಏನನ್ನೂ ಪಡೆಯದ ಚಿತ್ರ ಆ ಸ್ಥಳದ ಗಾಳಿಯಿಂದ ಮಾತ್ರ ಸಾಲ ಪಡೆದಿರುತ್ತದೆ.

೪

ಈ ಋಣವನ್ನು ತಗ್ಗಿಸಲು ಮುಖ್ಯವಾಗಿ ಮೂರು ಮಾರ್ಗಗಳು ಸೂಚಿತವಾಗಿವೆ. ಮೊದಲನೆಯದು ನೀರು ಆಧಾರವಾದ ಸ್ಪ್ರೇ ಬಣ್ಣ. ಇದರಲ್ಲಿ ದ್ರಾವಕದ ಬಹುಭಾಗವನ್ನು ನೀರು ಆಕ್ರಮಿಸುವುದರಿಂದ ವಾಸನೆಯೂ ಆವಿಯೂ ಕಡಮೆ. ಬಾರ್ಸಿಲೋನದಲ್ಲಿ ೧೯೯೪ರಲ್ಲಿ ಹುಟ್ಟಿದ ಮೊಂಟಾನ ಮುಂತಾದ ಕಂಪನಿಗಳು ಇಂಥ ಡಬ್ಬಿಗಳನ್ನು ತಯಾರಿಸುತ್ತಿವೆ. ಶಾಲೆಯಲ್ಲಿ, ಒಳಾಂಗಣದಲ್ಲಿ ಬರೆಯುವವರಿಗೆ ಇದು ನಿಸ್ಸಂಶಯವಾಗಿ ಮೇಲು. ಆದರೆ ಮೂರು ಸಂಗತಿಗಳನ್ನು ಮರೆಯಬಾರದು. ನೀರಿನ ಬಣ್ಣವಾದರೂ ಡಬ್ಬಿಯಿಂದ ನೂಕಲು ಅನಿಲ ಬೇಕೇ ಬೇಕು. ಡಬ್ಬಿ ಅದೇ ಲೋಹದ ಡಬ್ಬಿ. ಗೋಡೆಯ ಮೇಲೆ ಒಣಗಿ ನಿಲ್ಲುವ ಅಕ್ರಿಲಿಕ್ ಪದರ ಪ್ಲಾಸ್ಟಿಕ್ಕೇ ಸರಿ. ಅದು ಸವೆದಾಗ ಸೂಕ್ಷ್ಮ ಕಣಗಳಾಗಿ ಚರಂಡಿಯನ್ನು ಸೇರುತ್ತದೆ. ನಮ್ಮ ಬಡಾವಣೆಗಳ ಮಳೆನೀರು ರಾಜಕಾಲುವೆಗಳ ಮೂಲಕ ಒಂದು ಕಡೆ ವೃಷಭಾವತಿಗೆ, ಇನ್ನೊಂದು ಕಡೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ದಾರಿಯಾಗಿ ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಹರಿಯುತ್ತದೆ. ಕುಂಚದಿಂದ ಎಮಲ್ಷನ್ ಬಳಿಯುವವರೂ ಈ ದೋಷದಿಂದ ಮುಕ್ತರಲ್ಲ. ನೀರಿನಲ್ಲಿ ಕರಗುತ್ತದೆಯೆಂಬ ಒಂದೇ ಕಾರಣದಿಂದ ಬಕೀಟು, ಕುಂಚಗಳನ್ನು ಚರಂಡಿಯ ಬಾಯಲ್ಲೇ ತೊಳೆಯುವುದು ದಿನನಿತ್ಯದ ನೋಟ. ಗಾಳಿಯ ಸಾಲವನ್ನು ನೀರಿನ ಲೆಕ್ಕಕ್ಕೆ ಬರೆದರೆ ಸಾಲ ತೀರಿದಂತಾಗುವುದಿಲ್ಲ.

ಎರಡನೆಯ ಮಾರ್ಗ ಹೊಗೆಯ ಮಸಿಯಿಂದ ಶಾಯಿ. ಇದು ನಮ್ಮ ಊರಿನದೇ ಪ್ರಯೋಗ. ಅನಿರುದ್ಧ ಶರ್ಮರು ಆರಂಭಿಸಿದ ಬೆಂಗಳೂರಿನ ಗ್ರಾವಿಕಿ ಲ್ಯಾಬ್ಸ್ ಸಂಸ್ಥೆಯು ಡೀಸೆಲ್ ಯಂತ್ರಗಳ ಹೊಗೆಕೊಳವೆಯಿಂದ ಮಸಿಯನ್ನು ಹಿಡಿದು, ಶುದ್ಧೀಕರಿಸಿ, 'ಏರ್ ಇಂಕ್' ಎಂಬ ಕಪ್ಪು ಶಾಯಿಯನ್ನು ತಯಾರಿಸಿತು. ೨೦೧೬ರಲ್ಲಿ ಹಾಂಗ್‌ಕಾಂಗಿನ ಕಲಾವಿದರು ಅದರಿಂದ ಬೀದಿಚಿತ್ರಗಳನ್ನು ಬರೆದರು. ಕಾರೊಂದರ ಸುಮಾರು ೪೫ ನಿಮಿಷಗಳ ಹೊಗೆಯಿಂದ ೩೦ ಮಿಲಿಲೀಟರಿನಷ್ಟು ಶಾಯಿ ದೊರೆಯುವುದೆಂಬುದು ಸಂಸ್ಥೆಯ ಹೇಳಿಕೆ. ಇತಿಹಾಸಕಾರನಿಗೆ ಇದರಲ್ಲಿ ಒಂದು ಹಳೆಯ ಪರಿಚಯದ ಸಂತೋಷವಿದೆ. ದೀಪದ ಕಾಡಿಗೆಯಿಂದ ಮಸಿ ಮಾಡಿದ ಜನ ನಾವು. ಶೃಂಗೇರಿ ಮಠದಲ್ಲಿ ಉಳಿದುಬಂದಿರುವಂಥ ಕಡತಗಳು, ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ ಬಳಪದಿಂದ ಬರೆದವು. ಒಲೆಯಲ್ಲಿ ಉಳಿದದ್ದೇ ಅಲ್ಲಿ ಬರವಣಿಗೆಯ ಹಾಳೆಯಾಯಿತು. ಸರ್ಕಾರಿ ಕಚೇರಿಯ ಫೈಲನ್ನು ಇಂದಿಗೂ ನಾವು ಕಡತವೆಂದೇ ಕರೆಯುತ್ತೇವೆ.

ಆದರೂ ಈ ಮಾರ್ಗದ ಮಿತಿಗಳನ್ನು ಹೇಳದಿರಲಾಗದು. ಶಾಯಿ ಕಪ್ಪೊಂದೇ. ಮಸಿ ತಾನಾಗಿ ಗೋಡೆಗೆ ಹಿಡಿಯದು. ಹಿಡಿಸಲು ಅಂಟು ಬೇಕು, ಆ ಅಂಟಿನ ಋಣ ಹಾಗೆಯೇ ಉಳಿಯುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಹೊಗೆಯನ್ನು ತಡೆಯುವ ಕರ್ತವ್ಯ ಯಂತ್ರದ್ದು. ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಭಾರತ್ ಹಂತ–೬ರ ಪ್ರಮಾಣಗಳು ಹೊಸ ಡೀಸೆಲ್ ಕಾರುಗಳಿಗೆ ಕಣಸೋಸುಕಗಳನ್ನು ಅಗತ್ಯವಾಗಿಸಿದುವು. ಮಸಿಯಿಂದ ಚಿತ್ರ ಬರೆದೆವೆಂಬ ತೃಪ್ತಿಯಲ್ಲಿ ಮಸಿಯನ್ನೇ ಕ್ಷಮಿಸುವಂತಾದರೆ ಪ್ರಯೋಗದ ಉದ್ದೇಶ ತಲೆಕೆಳಗಾದಂತೆ. ಸಿಲ್ಕ್ ಬೋರ್ಡಿನ ಕೂಡುರಸ್ತೆಯಲ್ಲಿ ನಿಂತು ಉಸಿರಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರನೆಯದು ಮಣ್ಣಿನ ಮತ್ತು ಸುಣ್ಣದ ಬಣ್ಣಗಳ ಮಾರ್ಗ. ಉತ್ತರ ಕನ್ನಡದಿಂದ ಗೋವೆಯವರೆಗೆ ಕರಾವಳಿಯ ದೇವಾಲಯಗಳ ಗೋಡೆಗಳಲ್ಲಿ ಕಾಣುವ ಕಾವಿಕಲೆಯನ್ನು ಕೃಷ್ಣಾನಂದ ಕಾಮತರು ಕನ್ನಡಿಗರಿಗೆ ಪರಿಚಯಿಸಿದ್ದಾರೆ. ಸುಣ್ಣದ ಬಿಳಿಯ ಗಾರೆಯ ಮೇಲೆ ಕೆಮ್ಮಣ್ಣಿನ ತೆಳುಪದರವನ್ನು ಹಚ್ಚಿ, ಅದು ಹಸಿಯಾಗಿರುವಾಗಲೇ ಕಂಟದಿಂದ ಕೆರೆದು, ಕೆಳಗಿನ ಬಿಳುಪನ್ನು ಹೊರಗೆಡಹಿ ಚಿತ್ರ ಮೂಡಿಸುವುದು ಅದರ ವಿಧಾನ. ಶಿವಮೊಗ್ಗ, ಉತ್ತರ ಕನ್ನಡಗಳ ದೀವರ ಮನೆಗಳಲ್ಲಿ ಹೆಂಗಸರು ಬರೆಯುವ ಹಸೆಚಿತ್ತಾರಕ್ಕೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಕೆಮ್ಮಣ್ಣಿನ ಕೆಂಪು, ಗುರಿಗೆಯ ಹಳದಿ, ಪುಂಡಿನಾರಿನ ಕುಂಚ. ಹೊರದೇಶದಲ್ಲಿ ಇದೇ ಆಲೋಚನೆಯ ಕೈಗಾರಿಕಾ ರೂಪವೂ ಉಂಟು: ಜರ್ಮನಿಯ ಕೈಮ್ ಎಂಬುವನು ೧೮೭೮ರಲ್ಲಿ ಹಕ್ಕುಪತ್ರ ಪಡೆದ ಸಿಲಿಕೇಟ್ ಬಣ್ಣ ಗೋಡೆಯ ಮೇಲೆ ಪೊರೆಯಾಗಿ ಕೂರದೆ ಗಾರೆಯೊಡನೆ ಬೆರೆತು ಗಟ್ಟಿಯಾಗುತ್ತದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ೨೦೨೧ರ ಜನವರಿಯಲ್ಲಿ ಗೋಮಯದಿಂದ ತಯಾರಿಸಿದ ಬಣ್ಣವನ್ನು ಬಿಡುಗಡೆ ಮಾಡಿತು.

ಇವು ಋಣ ಕಡಮೆಯಾದ ಬಣ್ಣಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಳೆಯದೆಲ್ಲ ಹೊನ್ನೆಂಬ ಭಾವಾವೇಶ ವಿಮರ್ಶಕನಿಗೆ ಸಲ್ಲದು. ಸುಣ್ಣದ ಗೂಡೂ ಉರುವಲನ್ನು ಬೇಡುತ್ತದೆ. ಕಲ್ಲು ಸುಟ್ಟಾಗ ಕಲ್ಲಿನಿಂದ ಹೊರಟ ಇಂಗಾಲಾಮ್ಲವನ್ನು ಗೋಡೆಯ ಸುಣ್ಣ ಗಟ್ಟಿಯಾಗುವಾಗ ಮರಳಿ ಹೀರಿಕೊಳ್ಳಬಹುದು. ಉರುವಲಿನ ಹೊಗೆಯನ್ನು ಹೀರಲಾರದು. ಅರಳುವ ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ. ಈಗಾಗಲೇ ಅಕ್ರಿಲಿಕ್ ಬಳಿದ ಗೋಡೆಯ ಮೇಲೆ ಸುಣ್ಣ ಹಿಡಿಯದು. ನಯವಾದ ಕಾಂಕ್ರೀಟಿನ ಕಂಬದ ಮೇಲೆಯೂ ಅದರ ಹಿಡಿತ ಸಾಲದು. ಅಕ್ಕಿಹಿಟ್ಟಿನ ರೇಖೆ ಮನೆಯ ಸೂರಿನ ಕೆಳಗೆ ಬಾಳುವಂಥದು. ಬನಶಂಕರಿಯ ಬಸ್ ನಿಲ್ದಾಣದ ಎದುರಿನ ಮಳೆಗೆ ಅದು ಒಂದು ವಾರವೂ ತಡೆಯದು. ಆದ್ದರಿಂದ ಗೋಡೆಯನ್ನು ನೋಡಿ ಬಣ್ಣವನ್ನು ಆರಿಸಬೇಕೇ ಹೊರತು, ಬಣ್ಣವನ್ನು ನೋಡಿ ಗೋಡೆಯನ್ನಲ್ಲ.

೫

ಇಲ್ಲಿಯವರೆಗಿನ ವಾದಕ್ಕೆ ಎದುರಾಗಿ ನಿಲ್ಲುವ ಒಂದು ಬಲವಾದ ಆಕ್ಷೇಪವಿದೆ. ಅದನ್ನು ನನ್ನ ಮುಂದಿಟ್ಟವಳು ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿಯೇ. "ಸರ್, ಸುಣ್ಣದ ಗಾರೆ ಹಚ್ಚಿ, ಹದ ಕಾದು, ನಿಧಾನವಾಗಿ ಕೆರೆಯೋದಕ್ಕೆ ಗೋಡೆ ನಮ್ಮದಾಗಿರಬೇಕು. ಗೋಡೆ ಇಲ್ಲದವರು ಏನು ಮಾಡಬೇಕು?" ಎಂದು ಅವಳು ಕೇಳಿದಳು. ಪ್ರಶ್ನೆ ನ್ಯಾಯವಾದುದು. ಕಾವಿಕಲೆಗೆ ದೇವಾಲಯದ ಆಶ್ರಯವಿತ್ತು, ದರಿಯಾ ದೌಲತ್ತಿಗೆ ಸುಲ್ತಾನನ ಆಶ್ರಯವಿತ್ತು. ಕರ್ನಾಟಕದಲ್ಲಿ ತೆರೆದ ಸ್ಥಳಗಳ ವಿರೂಪವನ್ನು ತಡೆಯುವ ೧೯೮೧ರ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಗೋಡೆಯ ಮೇಲೆ ಬರೆಯುವುದು ಅಪರಾಧ. ಡಬ್ಬಿಯ ವೇಗವೇ, ಹೇಳಬೇಕಾದ ಮಾತಿದ್ದು ಗೋಡೆಯಿಲ್ಲದವರಿಗೆ ಅದನ್ನು ಪ್ರಿಯವಾಗಿಸಿದ್ದು. ಋಣದ ಲೆಕ್ಕವನ್ನೊಂದನ್ನೇ ಹಿಡಿದು ಹೊರಟರೆ ಅನುಮತಿ ಪಡೆದ, ಹಣವುಳ್ಳ, ನಿಧಾನದ ಚಿತ್ರವನ್ನು ಮೆಚ್ಚಿ, ಬಡವರ ತುರ್ತಿನ ಮಾತನ್ನು ತಳ್ಳಿಹಾಕಿದಂತಾದೀತು.

ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒಪ್ಪಿ, ನನ್ನ ಅಳತೆಯನ್ನು ತಿದ್ದಿಕೊಳ್ಳುತ್ತೇನೆ. ಚಿತ್ರ ಎಷ್ಟು ವರ್ಷ ಬಾಳಿತೆಂಬುದೊಂದೇ ಅಳತೆಯಾಗಲಾರದು. ೨೦೧೫ರಲ್ಲಿ ಬಾದಲ್ ನಂಜುಂಡಸ್ವಾಮಿಯವರು ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದರ ಸುತ್ತ ಬಣ್ಣ ಬಳಿದು, ಅದರಲ್ಲಿ ಮೊಸಳೆಯ ಪ್ರತಿಮೆಯನ್ನಿರಿಸಿದಾಗ ಆ ಕೃತಿ ಬಾಳಬೇಕೆಂದು ಯಾರೂ ಬಯಸಲಿಲ್ಲ. ಗುಂಡಿ ಮುಚ್ಚಿ ಕೃತಿ ಇಲ್ಲವಾಗುವುದೇ ಅದರ ಸಾರ್ಥಕ್ಯ. ೨೦೧೬ರಲ್ಲಿ ಪೂರ್ಣಿಮಾ ಸುಕುಮಾರರು ಬೆಂಗಳೂರಿನಲ್ಲಿ ಆರಂಭಿಸಿದ ಅರವಾಣಿ ಆರ್ಟ್ ಪ್ರಾಜೆಕ್ಟಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು, ತಮ್ಮನ್ನು ಕಂಡು ಮುಖ ತಿರುಗಿಸುವ ಬೀದಿಗಳಲ್ಲೇ ನಿಂತು ತಮ್ಮ ಮುಖಗಳನ್ನು ಗೋಡೆಗಳ ಮೇಲೆ ಬರೆದರು. ಅಲ್ಲಿ ವ್ಯಯವಾದ ಬಣ್ಣದ ಪ್ರತಿಯಾಗಿ ಬೀದಿ ಪಡೆದದ್ದು ಹಗುರವಾದುದಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆ ಇಷ್ಟು: ಈ ಚಿತ್ರ ಪಡೆದ ಸಾಲಕ್ಕೆ ಈ ಸ್ಥಳಕ್ಕೆ ಏನನ್ನು ಕೊಟ್ಟಿತು? ಘೋಷವಾಕ್ಯದ ನವಿಲು ಈ ಪ್ರಶ್ನೆಯ ಮುಂದೆ ನಿಲ್ಲಲಾರದು; ಮೊಸಳೆ ನಿಲ್ಲುತ್ತದೆ.

ಗೋಡೆಯಿಲ್ಲದವರಿಗೂ ಋಣವಿಲ್ಲದ ಒಂದು ದಾರಿ ತೆರೆದಿದೆ. ಬ್ರೆಜಿಲ್ ದೇಶದ ಸಾವೊ ಪೌಲೊ ನಗರದಲ್ಲಿ ಅಲೆಕ್ಸಾಂದ್ರೆ ಓರಿಯನ್ ಎಂಬ ಕಲಾವಿದನು ೨೦೦೬ರಲ್ಲಿ ವಾಹನಸುರಂಗವೊಂದರ ಗೋಡೆಗೆ ಮೆತ್ತಿದ್ದ ಹೊಗೆಯ ಮಸಿಯನ್ನು ಬಟ್ಟೆಯಿಂದ ಒರೆಸುತ್ತ ಸಾಲುಸಾಲು ತಲೆಬುರುಡೆಗಳನ್ನು ಮೂಡಿಸಿದನು. ಅವನು ಒಂದು ತೊಟ್ಟು ಬಣ್ಣವನ್ನೂ ಬಳಸಲಿಲ್ಲ. ಗೋಡೆಯನ್ನು ಶುಚಿಮಾಡಿದ್ದಕ್ಕೆ ಶಿಕ್ಷಿಸುವುದು ಸುಲಭವಲ್ಲದ್ದರಿಂದ, ಕೊನೆಗೆ ಅಧಿಕಾರಿಗಳು ಸುರಂಗವನ್ನೇ ತೊಳೆಸಬೇಕಾಯಿತು. ಕಾವಿಯ ಕಂಟ ಮಾಡುವ ಕೆಲಸವೂ ಇದೇ: ಸೇರಿಸುವುದಲ್ಲ, ತೆಗೆಯುವುದು. ಮಡಿವಾಳದಿಂದ ಜಯದೇವದವರೆಗಿನ ಕಂಬಗಳ ಮೇಲೆ ಕಪ್ಪು ಕೂರುವುದಕ್ಕೆ ಬಹಳ ದಿನ ಬೇಕಾಗುವುದಿಲ್ಲ. ಆ ಕಪ್ಪನ್ನು ಒದ್ದೆಬಟ್ಟೆಯಿಂದ ಒರೆಸಿ ಬರೆದ ಚಿತ್ರ ಮತ್ತೆ ಮಸುಕಾಗುತ್ತ ಹೋದಂತೆ ಆ ರಸ್ತೆಯ ಗಾಳಿಯನ್ನು ಕುರಿತು ತಾನೇ ಸಾಕ್ಷಿ ಹೇಳುತ್ತದೆ. ಕನ್ನಡನಾಡಿನ ಯುವಕಲಾವಿದರು ಕರಾವಳಿಯ ತಮ್ಮದೇ ಪರಂಪರೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕೆಂದು ನನ್ನ ವಿನಂತಿ.

೬

ಮೇಲಣ ವಿಚಾರದಿಂದ ಕಾಲೇಜುಗಳ ಮಟ್ಟಿಗೆ ಕೆಲವು ನಿಯಮಗಳು ತಾವಾಗಿ ಹೊರಡುತ್ತವೆ. ಮೊದಲು, ಗೋಡೆಗೆ ಚಿತ್ರ ಬೇಕೇ ಎಂದು ಕೇಳುವುದು. ಬೇಡವೆಂಬ ಉತ್ತರಕ್ಕೂ ಮರ್ಯಾದೆ ಕೊಡುವುದು. ಬೇಕೆಂದಾದಲ್ಲಿ, ಎಷ್ಟು ವರ್ಷ ಅದನ್ನು ಅಳಿ​ಸುವುದಿಲ್ಲವೆಂದು ಆಡಳಿತದವರಿಂದ ಬರೆಯಿಸಿಕೊಂಡು ಕುಂಚ ಹಿಡಿಯುವುದು. ಅಗಲವಾದ ಜಾಗಗಳನ್ನು ಕುಂಚ, ರೋಲರುಗಳಿಂದ ತುಂಬಿ, ಮೃದುವಾದ ಬಣ್ಣದಂಚು, ಕೊರೆದಚ್ಚಿನ ಅಕ್ಷರ ಮುಂತಾಗಿ ಡಬ್ಬಿಯಿಂದ ಮಾತ್ರ ಸಾಧ್ಯವಾದ ಕೆಲಸಕ್ಕೆ ಡಬ್ಬಿಯನ್ನು ಮೀಸಲಿಡುವುದು. ಸೋಸುಕವುಳ್ಳ ಮುಖವಾಡವಿಲ್ಲದೆ ಯಾರ ಕೈಗೂ ಡಬ್ಬಿಯನ್ನು ಕೊಡದಿರುವುದು. ಕುಂಚ ತೊಳೆದ ನೀರನ್ನು ಚರಂಡಿಗೆ ಚೆಲ್ಲದೆ ಬಕೀಟಿನಲ್ಲಿ ತಿಳಿಯಾಗಲು ಬಿಟ್ಟು, ತಳದಲ್ಲಿ ನಿಂತ ಗಷ್ಟನ್ನು ಒಣಗಿಸಿ ಪ್ರತ್ಯೇಕವಾಗಿ ಕೊಡುವುದು. ಖಾಲಿ ಡಬ್ಬಿಯನ್ನು ಚುಚ್ಚದೆ, ಸುಡದೆ, ಬೇರೆಯಾಗಿ ಕೂಡಿಡುವುದು.

ಈ ಕೊನೆಯ ಮಾತು ಆ ದಿನ ಪೌರಕಾರ್ಮಿಕ ಮಹಿಳೆಗೆ ನಾನು ಹೇಳಬೇಕಾಗಿದ್ದ ಉತ್ತರ. ೨೦೧೬ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಣ್ಣದ ಖಾಲಿ ಡಬ್ಬಗಳನ್ನು ಹಸಿಕಸವೂ ಅಲ್ಲದ ಒಣಕಸವೂ ಅಲ್ಲದ, ಮನೆಯಲ್ಲಿ ಹುಟ್ಟುವ ಅಪಾಯಕಾರಿ ಕಸದ ವರ್ಗಕ್ಕೆ ಸೇರಿಸಿದ್ದವು. ನಿಯಮವನ್ನೋದದ ಆಕೆ ತನ್ನ ಕೈಯ ಅನುಭವದಿಂದ ಅದೇ ವರ್ಗೀಕರಣವನ್ನು ಮಾಡಿದ್ದರು; ಸ್ನಾತಕೋತ್ತರ ಪದವಿ ಪಡೆದ ನಾನು ಮಾಡಿರಲಿಲ್ಲ.

ನಮ್ಮ ಜನ ಇಂಥ ಬದಲಾವಣೆಯನ್ನು ಒಪ್ಪುವರೇ ಎಂದು ಶಂಕಿಸುವವರು ಗಣೇಶ ಚೌತಿಯ ಮರುದಿನ ಯಡಿಯೂರು ಕೆರೆಯ ಕಲ್ಯಾಣಿಯ ಬಳಿಗೆ ಹೋಗಿ ನೋಡಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಮೂರ್ತಿವಿಸರ್ಜನೆಯನ್ನು ಕುರಿತು ೨೦೧೦ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿ ೨೦೨೦ರಲ್ಲಿ ಪರಿಷ್ಕರಿಸಿತು. ಹೊಳೆಯುವ ಬಣ್ಣದ ಗಣಪತಿಯೇ ಬೇಕೆನ್ನುತ್ತಿದ್ದ ಎಷ್ಟೋ ಮನೆಗಳವರು ಇಂದು ಬಣ್ಣವಿಲ್ಲದ ಮಣ್ಣಿನ ಮೂರ್ತಿಯನ್ನು ಕೈಯಲ್ಲಿ ಹಿಡಿದು ಅಲ್ಲಿಗೆ ಬರುತ್ತಾರೆ. ಭಕ್ತಿ ಕುಂದಿದಂತೆ ಕಾಣಲಿಲ್ಲ. ದೇವರ ವಿಷಯದಲ್ಲಿ ಒಪ್ಪಿಕೊಂಡ ಈ ಮಿತವನ್ನು ಗೋಡೆಯ ವಿಷಯದಲ್ಲಿ ಒಪ್ಪಿಕೊಳ್ಳುವುದು ಕಷ್ಟವಾಗಲಾರದು.

ಕಾಲೇಜಿನ ಆ ಗೋಡೆ ಈಗ ಬರಿದಾಗಿದೆ. ಈ ಬಾರಿ ವಿದ್ಯಾರ್ಥಿಗಳು ಚಿತ್ರ ಬರೆಯಲು ಅನುಮತಿ ಕೇಳಿದಾಗ, ಡಬ್ಬಿಗಳಿಗೆ ತಗಲುವ ಹಣದ ಪಟ್ಟಿಯ ಜೊತೆಗೆ ಅವು ಖಾಲಿಯಾದ ಮೇಲೆ ಎಲ್ಲಿಗೆ ಹೋಗುತ್ತವೆಂಬ ವಿವರವನ್ನೂ ಬರೆದು ತರುವಂತೆ ಹೇಳಿದ್ದೇನೆ. ಅವರಿನ್ನೂ ಚರ್ಚಿಸುತ್ತಿದ್ದಾರೆ. ಗೋಡೆ ಕಾಯುತ್ತಿದೆ, ಕಾಯುವುದರಿಂದ ಅದಕ್ಕೆ ನಷ್ಟವಿಲ್ಲ.